ಐರಿಷ್ ಜನರೂ ಬಾರಾಮಹಲಿನ ಕನ್ನಡವೂ

ಜಗತ್ತಿನ ಇತಿಹಾಸದಲ್ಲಿ ಐರ್ಲೆಂಡಿನ ಜನರು ವಹಿಸಿದ ಪಾತ್ರವನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಅಮೆರಿಕವನ್ನೂ ಆಸ್ಟ್ರೇಲಿಯವನ್ನೂ ಹೆಸರಿಸುವರು. ನಮ್ಮ ದೇಶದ ಪ್ರಸ್ತಾಪ ಬಂದರೆ ಆನಿ ಬೆಸೆಂಟರ ಹೋಂ ರೂಲ್ ಚಳವಳಿ, ಟೈರೋನ್ ಸೀಮೆಯಲ್ಲಿ ಹುಟ್ಟಿದ ಸೋದರಿ ನಿವೇದಿತಾ, ೧೯೩೭ರ ಐರಿಷ್ ಸಂವಿಧಾನದಿಂದ ನಮ್ಮ ಸಂವಿಧಾನ ಪಡೆದುಕೊಂಡ ನಿರ್ದೇಶಕ ತತ್ತ್ವಗಳು, ಇಷ್ಟಕ್ಕೆ ಮಾತು ನಿಲ್ಲುವುದು. 'ಅವರೂ ನಮ್ಮಂತೆಯೇ ಆಂಗ್ಲರ ಕೈಯಲ್ಲಿ ನೊಂದವರು' ಎಂಬ ಒಂದು ವಾಕ್ಯವನ್ನು ಕೊನೆಗೆ ಸೇರಿಸುವ ವಾಡಿಕೆಯೂ ಉಂಟು. ಈ ವಾಕ್ಯ ಸುಳ್ಳಲ್ಲ; ಆದರೆ ಸೇಲಂ, ಧರ್ಮಪುರಿ ಜಿಲ್ಲೆಗಳಲ್ಲಿ ಕನ್ನಡ ಪಾಠ ಹೇಳುವ ನಮ್ಮಂಥವರಿಗೆ ಅದು ಸಾಲದು. ನಮ್ಮ ಊರುಗಳು ಗಡಿಯ ಈಚೆಗೆ ಬಿದ್ದುದರಲ್ಲಿ ಐರಿಷರ ಕೈ ಇದೆ. ಗಡಿಯ ಎರಡು ಕಡೆಯ ನುಡಿಗಳು ಒಂದೇ ಮನೆಯವು ಎಂದು ಶಾಸ್ತ್ರಬದ್ಧವಾಗಿ ತೋರಿಸಿಕೊಟ್ಟವನೂ ಆ ದ್ವೀಪದಲ್ಲಿ ಹುಟ್ಟಿದವನೇ. ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ.

ಮೊದಲು ಗಡಿಯ ಮಾತು. ೧೭೯೨ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಟಿಪ್ಪು ಸುಲ್ತಾನನು ಬಾರಾಮಹಲನ್ನೂ ಸೇಲಂ ಸೀಮೆಯನ್ನೂ ಕಂಪೆನಿಗೆ ಬಿಟ್ಟುಕೊಟ್ಟನು. ಅಲೆಕ್ಸಾಂಡರ್ ರೀಡನೂ ಅವನ ಕೈಕೆಳಗೆ ಗ್ಲಾಸ್ಗೋದ ಥಾಮಸ್ ಮನ್ರೋವೂ ಇಲ್ಲಿ ಕಂದಾಯ ಕಟ್ಟಿದ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಹೊಸೂರು ಸೀಮೆ ಆಗಿನ್ನೂ ಮೈಸೂರಿನದಾಗಿತ್ತು. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ರಾಜ್ಯವನ್ನು ಹಂಚಲು ಐವರು ಕಮಿಷನರುಗಳು ಕುಳಿತರು. ಹೊಸೂರು ಕಂಪೆನಿಯ ಪಾಲಿಗೆ ಬಂದಿತು. ಆ ಐವರ ಪೈಕಿ ಆರ್ಥರ್ ವೆಲ್ಲೆಸ್ಲಿ, ಅವನ ತಮ್ಮ ಹೆನ್ರಿ ವೆಲ್ಲೆಸ್ಲಿ, ಬ್ಯಾರಿ ಕ್ಲೋಸ್ ಈ ಮೂವರೂ ಐರ್ಲೆಂಡಿನಲ್ಲಿ ಹುಟ್ಟಿದವರು. ಅವರನ್ನು ನೇಮಿಸಿದ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಯೂ ಮೀತ್ ಸೀಮೆಯವನೇ. ಇದಕ್ಕೂ ಹಿಂದೆ, ೧೭೮೧ರ ಜುಲೈ ೧ರಂದು ಪೋರ್ಟೋ ನೋವೋದಲ್ಲಿ ಹೈದರಾಲಿಯನ್ನು ಎದುರಿಸಿದ ಐರ್ ಕೂಟ್ ಲಿಮರಿಕ್ಕಿನವನು. ಆಗ ಮದರಾಸಿನ ಗವರ್ನರನಾಗಿ ಅವನೊಡನೆ ಜಗಳವಾಡುತ್ತಿದ್ದ ಮೆಕಾರ್ಟ್ನಿ ಆಂಟ್ರಿಮ್ ಸೀಮೆಯವನು. ನಮ್ಮ ಪಠ್ಯಪುಸ್ತಕಗಳು ಇವರೆಲ್ಲರನ್ನೂ 'ಆಂಗ್ಲರು' ಎಂಬ ಒಂದೇ ಚೀಲದಲ್ಲಿ ಕಟ್ಟಿಡುತ್ತವೆ.

ಹಾಗಾದರೆ ನೊಂದವರೆಂದು ನಾವು ಮರುಗುವ ಐರಿಷರು ಯಾರು, ನಮ್ಮ ನೆಲವನ್ನು ಹಂಚಿದ ಐರಿಷರು ಯಾರು? ಇಲ್ಲಿ ಒಂದು ವಿಂಗಡಣೆ ಅಗತ್ಯ. ವೆಲ್ಲೆಸ್ಲಿಗಳು ಐರ್ಲೆಂಡಿನಲ್ಲಿ ನೆಲೆಸಿದ ಆಂಗ್ಲ ಮೂಲದ ಜಮೀನುದಾರರು. ಉತ್ತರದ ಅಲ್ಸ್ಟರಿನಲ್ಲಿ ಸ್ಕಾಟ್ಲೆಂಡಿನಿಂದ ಬಂದು ಒಕ್ಕಲು ಮಾಡಿದವರು ಇನ್ನೊಂದು ವರ್ಗ. ಗೇಲಿಕ್ ನುಡಿಯ ಬಡ ಕ್ಯಾಥೊಲಿಕ್ ರೈತರು ಮೂರನೆಯವರು. ಭಾರತಕ್ಕೆ ಹೆಸರು ಹೊತ್ತು ಬಂದವರು ಬಹುಮಟ್ಟಿಗೆ ಮೊದಲೆರಡು ವರ್ಗದವರು. ಮೂರನೆಯವರು ಹೆಸರಿಲ್ಲದೆ ಬಂದರು: ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಕಂಪೆನಿಯ ಬಿಳಿಯ ಸಿಪಾಯಿಗಳಲ್ಲಿ ಬಹುದೊಡ್ಡ ಪಾಲು ಅವರದೇ. ಊರಿನಲ್ಲಿ ಅನ್ನವಿಲ್ಲದವನು ಪರದೇಶದಲ್ಲಿ ಬಂದೂಕು ಹಿಡಿದನು. 'ಐರಿಷರ ಪಾತ್ರ' ಎಂದು ಒಂದೇ ಮಾತಿನಲ್ಲಿ ಹೇಳುವವರು ಈ ಮೂವರಲ್ಲಿ ಯಾರನ್ನು ಕುರಿತು ಹೇಳುತ್ತಿರುವರೆಂದು ಕೇಳುವುದು ನ್ಯಾಯ.

ಈ ಮೂರನೆಯ ವರ್ಗದವರ ಕಥೆಯಲ್ಲಿ ನಮ್ಮ ಜಿಲ್ಲೆಗೆ ಗುರುತು ಸಿಕ್ಕುವ ಒಂದು ಅಧ್ಯಾಯವಿದೆ. ೧೮೪೫ರಿಂದ ಆಲೂಗಡ್ಡೆಯ ಬೆಳೆ ಕೊಳೆತು ಐರ್ಲೆಂಡಿನಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಅದಕ್ಕೂ ಹೆಚ್ಚು ಜನ ಹಡಗು ಹತ್ತಿದರು. ೧೮೪೧ರಲ್ಲಿ ೮೨ ಲಕ್ಷದಷ್ಟಿದ್ದ ಜನಸಂಖ್ಯೆ ೧೮೫೧ಕ್ಕೆ ೬೫ ಲಕ್ಷಕ್ಕೆ ಇಳಿಯಿತು. ೧೮೭೬-೭೮ರ ಧಾತು-ಈಶ್ವರ ಸಂವತ್ಸರಗಳ ಬರದ ಹಿಂದುಮುಂದು ನಮ್ಮ ಸೇಲಂ ಜಿಲ್ಲೆಯ ಲೆಕ್ಕವೂ ಇಂಥದೇ: ೧೮೭೧ರಲ್ಲಿ ೧೯ ಲಕ್ಷ ೬೭ ಸಾವಿರ, ೧೮೮೧ರಲ್ಲಿ ೧೬ ಲಕ್ಷ. ಎರಡು ಕಡೆಯೂ ಜನ ಸಾಯುತ್ತಿದ್ದಾಗ ಬಂದರಿನಿಂದ ಧಾನ್ಯ ಹೊರಗೆ ಹೋಗುತ್ತಿತ್ತು. ಆದರೆ ಭಾಷೆಯ ವಿಷಯದಲ್ಲಿ ಎರಡರ ಗತಿ ಬೇರೆಯಾಯಿತು. ೧೮೩೧ರಲ್ಲಿ ಐರ್ಲೆಂಡಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಶಾಲೆಗಳು ಇಂಗ್ಲಿಷಿನಲ್ಲಿ ಕಲಿಸಿದವು. ಕೆಲವು ಸೀಮೆಗಳಲ್ಲಿ ಮಗುವಿನ ಕೊರಳಿಗೆ ಒಂದು ಕೋಲು ಕಟ್ಟಿ, ಅದು ಗೇಲಿಕ್ ಮಾತನಾಡಿದಾಗಲೆಲ್ಲ ಕೋಲಿನ ಮೇಲೆ ಒಂದು ಗೀರು ಕೊರೆದು, ಸಂಜೆಗೆ ಗೀರು ಎಣಿಸಿ ಹೊಡೆಯುತ್ತಿದ್ದರು. ಗಮನಿಸಬೇಕಾದ ಸಂಗತಿಯೆಂದರೆ ಇದರಲ್ಲಿ ತಂದೆತಾಯಿಗಳೂ ಶಾಲೆಯೊಡನೆ ಕೈ ಸೇರಿಸಿದ್ದರು. ಮಗ ಅಮೆರಿಕಕ್ಕೆ ಹೋಗಬೇಕಾದವನು, ಅವನಿಗೆ ಇಂಗ್ಲಿಷು ಬರಲಿ ಎಂಬುದು ಅವರ ಲೆಕ್ಕ. ೧೮೯೧ರ ಹೊತ್ತಿಗೆ ಗೇಲಿಕ್ ಬಲ್ಲವರು ಏಳು ಮಂದಿಗೆ ಒಬ್ಬರಂತೆ ಉಳಿದರು. ನಮ್ಮಲ್ಲಿ ಬರ ಜನರನ್ನು ತಿಂದಿತು, ಮಾತನ್ನು ತಿನ್ನಲಿಲ್ಲ.

ಇನ್ನು ಕಾಲ್ಡ್‌ವೆಲ್ಲನ ವಿಷಯ. ರಾಬರ್ಟ್ ಕಾಲ್ಡ್‌ವೆಲ್ ೧೮೧೪ರಲ್ಲಿ ಆಂಟ್ರಿಮ್ ಸೀಮೆಯ ಕ್ಲೇಡಿ ಎಂಬಲ್ಲಿ ಹುಟ್ಟಿದನು. ತಂದೆತಾಯಿ ಸ್ಕಾಟರು, ಬಡವರು. ಎಳೆತನದಲ್ಲೇ ಗ್ಲಾಸ್ಗೋಗೆ ಹೋದನು. ನಡುವೆ ಕೆಲವು ವರ್ಷ ಡಬ್ಲಿನ್ನಿನಲ್ಲಿದ್ದನು. ಅವನನ್ನು ಐರಿಷನೆನ್ನುವುದೋ ಸ್ಕಾಟನೆನ್ನುವುದೋ ಎಂಬ ವಾದವನ್ನು ಆ ದೇಶದವರಿಗೇ ಬಿಡೋಣ. ಎರಡು ನುಡಿಗಳ, ಎರಡು ಮತಗಳ ಗಡಿಯಲ್ಲಿ ಹುಟ್ಟಿದವನು ಎಂಬಷ್ಟು ನಮಗೆ ಸಾಕು. ಗಡಿಯವರ ಕಿವಿ ಸ್ವಲ್ಪ ಚುರುಕಾಗಿರುತ್ತದೆ. ೧೮೩೮ರ ಜನವರಿಯಲ್ಲಿ ಮದರಾಸಿನಲ್ಲಿ ಇಳಿದು, ತಿರುನೆಲ್ವೇಲಿಯ ಇಡೈಯನ್‌ಗುಡಿಯಲ್ಲಿ ನೆಲೆಸಿ, ೧೮೭೭ರಲ್ಲಿ ಬಿಷಪ್ಪನಾಗಿ, ೧೮೯೧ರಲ್ಲಿ ಕೊಡೈಕನಾಲಿನಲ್ಲಿ ತೀರಿಕೊಂಡನು. ಅವನ 'ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ' ೧೮೫೬ರಲ್ಲಿ ಅಚ್ಚಾಯಿತು. ಬೆಳೆಸಿದ ಎರಡನೆಯ ಆವೃತ್ತಿ ೧೮೭೫ರಲ್ಲಿ. ದಕ್ಷಿಣದ ನುಡಿಗಳು ಸಂಸ್ಕೃತದಿಂದ ಹುಟ್ಟಿದವಲ್ಲ ಎಂಬುದನ್ನು ಅವನಿಗಿಂತ ನಾಲ್ವತ್ತು ವರ್ಷ ಮೊದಲೇ, ೧೮೧೬ರಲ್ಲಿ, ಮದರಾಸಿನ ಎಲ್ಲಿಸ್ ತೋರಿಸಿದ್ದನು. ಆ ಮಾತನ್ನು ಧ್ವನಿ, ವಿಭಕ್ತಿ, ಸರ್ವನಾಮ, ಸಂಖ್ಯಾವಾಚಕ, ಕ್ರಿಯಾಪದ ಎಂದು ಅಂಗ ಅಂಗವಾಗಿ ಬಿಡಿಸಿ ನಿಲ್ಲಿಸಿದ್ದು ಕಾಲ್ಡ್‌ವೆಲ್ಲನ ಸಾಧನೆ. ಮದರಾಸಿನ ಕಡಲ ತೀರದಲ್ಲಿ ೧೯೬೮ರಲ್ಲಿ ತಮಿಳರು ಅವನಿಗೆ ಪ್ರತಿಮೆ ನಿಲ್ಲಿಸಿದರು. ಕನ್ನಡಿಗರು ಅವನ ಹೆಸರನ್ನು ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಉಳಿಸಿಕೊಂಡಿದ್ದೇವೆ.

ಆ ಗ್ರಂಥದ ಸತ್ಯವನ್ನು ಕಾಣಲು ನಮ್ಮ ಜಿಲ್ಲೆಯವರು ಪುಸ್ತಕಭಂಡಾರಕ್ಕೆ ಹೋಗಬೇಕಾಗಿಲ್ಲ. ಧರ್ಮಪುರಿ ಜಿಲ್ಲೆಯಲ್ಲಿ ಕಾವೇರಿ ಧುಮುಕುವ ಜಾಗದ ಹೆಸರನ್ನೇ ನೋಡಬಹುದು. ಹೊಗೆನಕಲ್ಲು: ಹೊಗೆಯಾಡುವ ಕಲ್ಲು. ಹಳಗನ್ನಡದಲ್ಲಿ ಅದು ಪೊಗೆ, ತಮಿಳಿನಲ್ಲಿ ಪುಗೈ. ಹಾಲು, ಹುಲಿ, ಹಲ್ಲು, ಹತ್ತು ಇವಕ್ಕೆ ತಮಿಳಿನ ಪಾಲ್, ಪುಲಿ, ಪಲ್, ಪತ್ತು ಇದಿರು ನಿಲ್ಲುತ್ತವೆ. ತಮಿಳಿನಲ್ಲಿ ಉಳಿದ ಪಕಾರ ಕನ್ನಡದಲ್ಲಿ ನಡುಗಾಲದಲ್ಲಿ ಹಕಾರವಾಯಿತು. ಇಲ್ಲೊಂದು ಸ್ವಾರಸ್ಯವುಂಟು. ತಮಿಳರು ಈ ಊರನ್ನು ಒಗೇನಕ್ಕಲ್ ಎನ್ನುವರು, ಪುಗೈಕ್ಕಲ್ ಎನ್ನುವುದಿಲ್ಲ. ಹೊಸೂರನ್ನು ಓಸೂರ್ ಎನ್ನುವರು, ಪುದೂರ್ ಎನ್ನುವುದಿಲ್ಲ. ಎಂದರೆ ಕನ್ನಡದಲ್ಲಿ ಪಕಾರ ಹಕಾರವಾದ ತರುವಾಯ ಈ ಹೆಸರುಗಳನ್ನು ತಮಿಳು ಕಿವಿಯಿಂದ ಕೇಳಿ ಪಡೆದುಕೊಂಡಿತು. ತನ್ನಲ್ಲಿಲ್ಲದ ಹಕಾರವನ್ನು ಬಿಟ್ಟು ಉಳಿದುದನ್ನು ಇಟ್ಟುಕೊಂಡಿತು. ಊರ ಹಲಗೆಯ ಮೇಲಿನ ಒಂದು ಹೆಸರಿನಲ್ಲಿ ಇಷ್ಟು ಶತಮಾನಗಳ ನೆರೆಹೊರೆಯಿದೆ.

ಈ ಬಗೆಯ ಉದಾಹರಣೆಗಳನ್ನು ಮಾತ್ರ ಕೇಳಿದವರು, ತಮಿಳೇ ಎಲ್ಲದರಲ್ಲಿಯೂ ಹಳೆಯದು, ಕನ್ನಡವೆಂದರೆ ಅದರ ಸವೆದ ರೂಪ ಎಂದುಕೊಳ್ಳುವರು. ಆದರೆ ಅದೇ ಗ್ರಂಥದ ಇನ್ನೊಂದು ಎಡೆಯಲ್ಲಿ ಇದಕ್ಕೆ ಉತ್ತರವಿದೆ. ಕನ್ನಡದ ಕಿವಿ ತಮಿಳಿಗೆ ಚೆವಿ, ಗೆಯ್ ಎಂಬುದು ಚೆಯ್. ಕೇರಿ ಚೇರಿಯಾಗಿದೆ, ಕಿರು ಎಂಬುದು ಚಿರುವಾಗಿದೆ. ಮುಂದೆ ಇ, ಎ ಎಂಬ ಸ್ವರಗಳು ಬಂದಾಗ ಮೂಲದ ಕಕಾರವನ್ನು ತಮಿಳು ಮೆತ್ತಗೆ ಮಾಡಿಕೊಂಡಿತು. ಕನ್ನಡ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಒಂದರಲ್ಲಿ ಅಕ್ಕ ಹಳೆಯ ಒಡವೆಯನ್ನು ಇಟ್ಟುಕೊಂಡಿದ್ದರೆ ಇನ್ನೊಂದರಲ್ಲಿ ತಂಗಿ ಇಟ್ಟುಕೊಂಡಿದ್ದಾಳೆ. ಇದನ್ನು ತಿಳಿದವನು ತಾಯಿ-ಮಗಳು ಎಂಬ ಮಾತನ್ನು ಆಡಲಾರನು. ಕಾಲ್ಡ್‌ವೆಲ್ಲನೂ ಆಡಲಿಲ್ಲ. ಮಲಯಾಳವನ್ನು ಮಾತ್ರ ಅವನು ತಮಿಳಿನ ಹಳೆಯ ಕವಲೆಂದು ಹೇಳಿದನು. ಕನ್ನಡವನ್ನೂ ತೆಲುಗನ್ನೂ ತಮಿಳಿನೊಡನೆ ಹುಟ್ಟಿದ ಬೇರೆ ಬೇರೆ ಭಾಷೆಗಳೆಂದೇ ಎಣಿಸಿದನು. ೨೦೨೫ರ ಮೇ ತಿಂಗಳಲ್ಲಿ ಚೆನ್ನೈಯ ಒಂದು ಚಲನಚಿತ್ರ ಸಮಾರಂಭದಲ್ಲಿ ಹೆಸರಾಂತ ನಟರೊಬ್ಬರು, ಕನ್ನಡ ಹುಟ್ಟಿದ್ದು ತಮಿಳಿನಿಂದ ಎಂದು ವಾತ್ಸಲ್ಯದಿಂದಲೇ ಹೇಳಿ, ಎರಡು ರಾಜ್ಯಗಳಲ್ಲಿ ಗದ್ದಲವೆದ್ದು, ನ್ಯಾಯಾಲಯದ ಮೆಟ್ಟಿಲೂ ಏರಿದ ಪ್ರಸಂಗ ವಾಚಕರಿಗೆ ನೆನಪಿರಬಹುದು. ಬೆಂಗಳೂರಿನವರಿಗೂ ಚೆನ್ನೈಯವರಿಗೂ ಅದು ವೃತ್ತಪತ್ರಿಕೆಯ ಸುದ್ದಿ. ತಮಿಳು ಉಪಾಧ್ಯಾಯರೂ ಕನ್ನಡ ಉಪಾಧ್ಯಾಯರೂ ಒಂದೇ ಕೋಣೆಯಲ್ಲಿ ಕುಳಿತು ಬುತ್ತಿ ಬಿಚ್ಚುವ ನಮ್ಮ ಶಾಲೆಗಳಲ್ಲಿ ಅದು ಬೇರೆ ಮಾತು. ಅಲ್ಲಿ ಸಿಟ್ಟಿಗಿಂತ ಕಿವಿ-ಚೆವಿ ಹೆಚ್ಚು ಕೆಲಸ ಮಾಡುತ್ತದೆ.

ಹೀಗೆಂದು ಕಾಲ್ಡ್‌ವೆಲ್ಲನನ್ನು ಪೂರ್ತಿ ಒಪ್ಪಬೇಕಾಗಿಲ್ಲ. ಅವನು ಬಾಳಿದ್ದು ತಮಿಳಿನ ನಡುವೆ, ಅರ್ಧ ಶತಮಾನಕ್ಕೂ ಮೇಲೆ. ಕನ್ನಡ ಅವನಿಗೆ ಬಹುಮಟ್ಟಿಗೆ ಪುಸ್ತಕದ ಭಾಷೆ. ಅವನ ತಕ್ಕಡಿ ತಮಿಳಿನ ಕಡೆಗೆ ವಾಲಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಅದಕ್ಕಿಂತ ದೊಡ್ಡ ಕೊರತೆಯೆಂದರೆ ಅವನ ಮುಂದೆ ಇದ್ದ ಸಾಮಗ್ರಿ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಅಚ್ಚಾದದ್ದು ೧೮೯೮ರಲ್ಲಿ. ಪಂಪನ ಭಾರತವೂ ಅದೇ ವರ್ಷ. ಹಲ್ಮಿಡಿ ಶಾಸನ ಕಣ್ಣಿಗೆ ಬಿದ್ದದ್ದು ೧೯೩೬ರಲ್ಲಿ. ಇವಾವುದನ್ನೂ ಕಾಣದೆ ಅವನು ಕನ್ನಡದ ವಯಸ್ಸನ್ನು ಅಳೆದನು. ನ್ಯಾಯಕ್ಕಾಗಿ ಇನ್ನೊಂದನ್ನೂ ಹೇಳಬೇಕು: ತಮಿಳಿನ ಸಂಗಂ ಕಾವ್ಯಗಳೂ ಆಗ ಅಚ್ಚಾಗಿರಲಿಲ್ಲ. ಉ. ವೇ. ಸ್ವಾಮಿನಾಥಯ್ಯರ್ ಅವರು 'ಪುಱನಾನೂಱು' ಸಂಕಲನವನ್ನು ಹೊರತಂದದ್ದು ೧೮೯೪ರಲ್ಲಿ, ಕಾಲ್ಡ್‌ವೆಲ್ ತೀರಿದ ಮೂರು ವರ್ಷದ ಮೇಲೆ. ಆ ಸಂಕಲನದಲ್ಲಿ ಔವೈಯಾರ್ ಕೊಂಡಾಡಿದ ಅದಿಯಮಾನನು ಆಳಿದ್ದು ತಗಡೂರನ್ನು, ಅಂದರೆ ನಮ್ಮ ಧರ್ಮಪುರಿಯನ್ನು. ಅದೇ ಧರ್ಮಪುರಿಯಲ್ಲಿ ಒಂಬತ್ತನೆಯ ಶತಮಾನದ ನೊಳಂಬ ಅರಸ ಮಹೇಂದ್ರನ ಕನ್ನಡ ಶಾಸನ ದೊರೆತಿದೆ. ಎರಡು ನುಡಿಗಳ ಹಳೆಯ ಸಾಕ್ಷ್ಯಗಳು ಒಂದೇ ಊರಿನಲ್ಲಿ ಬಿದ್ದಿದ್ದವು. ಎರಡು ನುಡಿಗಳನ್ನೂ ಹೋಲಿಸಿದ ಮಹಾಪಂಡಿತನಿಗೆ ಎರಡೂ ಸಿಕ್ಕಲಿಲ್ಲ. ದ್ರಾವಿಡ ನುಡಿಗಳನ್ನು ಅವನು 'ಸಿಥಿಯನ್' ಎಂಬ ಮಧ್ಯ ಏಷ್ಯದ ವರ್ಗಕ್ಕೆ ಕಟ್ಟಿದ್ದನ್ನಂತೂ ಈಗ ವಿದ್ವಾಂಸರು ಕೈಬಿಟ್ಟಿದ್ದಾರೆ.

ತರಗತಿಯ ಒಂದು ಮಾತನ್ನು ಇಲ್ಲಿಯೇ ಸೇರಿಸುತ್ತೇವೆ. ಹಳಗನ್ನಡದ ೞಕಾರ ಕನ್ನಡ ನಾಡಿನ ಬಾಯಿಂದ ಹೋಗಿ ಎಷ್ಟೋ ಶತಮಾನಗಳಾದವು. ಹದಿಮೂರನೆಯ ಶತಮಾನದ ಕೇಶಿರಾಜನೇ ೞಕಾರದ ಶಬ್ದಗಳನ್ನು ಪಟ್ಟಿ ಮಾಡಿ ಕೊಡಬೇಕಾಯಿತೆಂದರೆ, ಆಗಲೇ ಜನರಿಗೆ ಅದು ಗೊಂದಲವಾಗಿತ್ತು. ಧಾರವಾಡದಲ್ಲಿಯೋ ಮೈಸೂರಿನಲ್ಲಿಯೋ ಇದನ್ನು ಉಚ್ಚರಿಸಿ ತೋರಿಸಲು ಉಪಾಧ್ಯಾಯರು ಒದ್ದಾಡುವರು. ನಮ್ಮ ಹುಡುಗರಿಗೆ ಅದು ಕಷ್ಟವೇ ಅಲ್ಲ. ಬೀದಿಯ ತಮಿಳಿನಲ್ಲಿ ಏೞು, ಮೞೈ, ಪೞಂ ಎಂದು ದಿನವೂ ಕೇಳುವ ಮಗುವಿಗೆ ಪಂಪನ ೞಕಾರ ಮನೆಯ ಪಕ್ಕದಲ್ಲೇ ಇದೆ. ಗಡಿನಾಡೆಂದರೆ ಕನ್ನಡ ಕೆಡುವ ಜಾಗವೆಂದು ನಂಬಿರುವ ನಾಡಿನ ಒಳಗಿನ ಪಂಡಿತರು ಒಮ್ಮೆ ಬಂದು ಕೇಳಬೇಕು.

ಐರ್ಲೆಂಡಿನ ಮತ್ತೊಬ್ಬನ ಋಣ ಕನ್ನಡದ ಮೇಲಿದೆ. ಅದು ಶಾಸ್ತ್ರದ ಋಣವಲ್ಲ, ಕಾವ್ಯದ್ದು. ೧೮೭೩ರಲ್ಲಿ ಬೆಲ್‌ಫಾಸ್ಟಿನಲ್ಲಿ ಹುಟ್ಟಿದ ಜೇಮ್ಸ್ ಕಸಿನ್ಸ್ ಡಬ್ಲಿನ್ನಿನಲ್ಲಿ ಯೇಟ್ಸ್ ಮೊದಲಾದವರ ಸಾಹಿತ್ಯ ಪುನರುಜ್ಜೀವನದ ಬಳಗದಲ್ಲಿದ್ದವನು. ಬೆಸೆಂಟರ ಕರೆಯ ಮೇರೆಗೆ ೧೯೧೫ರಲ್ಲಿ ಮದರಾಸಿಗೆ ಬಂದನು. ೧೯೧೬ರ ಈಸ್ಟರ್ ದಂಗೆಯನ್ನು ಹೊಗಳಿ ಬರೆದುದರಿಂದ 'ನ್ಯೂ ಇಂಡಿಯಾ' ಪತ್ರಿಕೆಯ ಕೆಲಸ ತಪ್ಪಿ, ನಮ್ಮ ನೆರೆಯ ಮದನಪಲ್ಲಿಯ ಕಾಲೇಜನ್ನು ಸೇರಿದನು. ೧೯೨೪ರಲ್ಲಿ ಮೈಸೂರಿಗೆ ಬಂದಿದ್ದಾಗ, ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ಇಪ್ಪತ್ತರ ಹರೆಯದ ಒಬ್ಬ ವಿದ್ಯಾರ್ಥಿ ತನ್ನ ಬರಹವನ್ನು ಅವನಿಗೆ ತೋರಿಸಿದನು. ನಿನ್ನ ನುಡಿಯಲ್ಲಿ ಏನು ಬರೆದಿರುವೆ ಎಂದು ಕಸಿನ್ಸ್ ಕೇಳಿದನು. ಕನ್ನಡದಲ್ಲಿ ಬರೆಯಲು ಹೇಳಿದನು. ಆ ವಿದ್ಯಾರ್ಥಿ ಕುವೆಂಪು. ಈ ಸಂಗತಿಯನ್ನು ಅವರೇ ಕೃತಜ್ಞತೆಯಿಂದ ನೆನೆದಿದ್ದಾರೆ. ಈ ಕಥೆಯನ್ನು ಹೇಳುವವರು ಕಸಿನ್ಸನ ಔದಾರ್ಯವನ್ನು ಹೊಗಳಿ ನಿಲ್ಲಿಸುವರು. ನಮಗೆ ಅದರಲ್ಲಿ ಔದಾರ್ಯಕ್ಕಿಂತ ಅನುಭವ ಕಾಣುತ್ತದೆ. ಕಸಿನ್ಸನ ಕಾವ್ಯವೂ ಯೇಟ್ಸನ ಕಾವ್ಯವೂ ಇಂಗ್ಲಿಷಿನವು. ಪೂರ್ವಿಕರ ಕಥೆಗಳನ್ನು ಪರರ ನುಡಿಯಲ್ಲಿ ಹೇಳಬೇಕಾದ ಸಂಕಟ ಆ ಬಳಗಕ್ಕೆ ಚೆನ್ನಾಗಿ ಗೊತ್ತಿತ್ತು. ನುಡಿಯನ್ನು ಕಳೆದುಕೊಂಡ ನಾಡಿನವನು, ಇನ್ನೂ ಕಳೆದುಕೊಳ್ಳದ ನಾಡಿನ ಹುಡುಗನಿಗೆ ಹೇಳಿದ ಮಾತು ಅದು.

ಕಳೆದುದನ್ನು ಮರಳಿ ಪಡೆಯಲು ಐರಿಷರು ಪಟ್ಟ ಪಾಡು ಸಣ್ಣದಲ್ಲ. ೧೮೯೩ರಲ್ಲಿ ಡಗ್ಲಸ್ ಹೈಡ್ ಮೊದಲಾದವರು ಗೇಲಿಕ್ ಸಂಘವನ್ನು ಕಟ್ಟಿದರು. ೧೯೩೭ರ ಸಂವಿಧಾನ ಗೇಲಿಕ್ಕನ್ನು ಮೊದಲ ಅಧಿಕೃತ ಭಾಷೆಯೆಂದು ಸಾರಿತು. ೧೯೩೮ರಲ್ಲಿ ಹೈಡನೇ ಮೊದಲ ರಾಷ್ಟ್ರಾಧ್ಯಕ್ಷನಾದನು. ಇಷ್ಟಾದರೂ ಗೇಲಿಕ್ ಅಲ್ಲಿ ದಿನದ ಮಾತಾಗಿ ಉಳಿದಿರುವುದು ಪಶ್ಚಿಮ ಕರಾವಳಿಯ ಕೆಲವು ಸೀಮೆಗಳಲ್ಲಿ ಮಾತ್ರ. ರಾಜ್ಯ ತಮ್ಮದೇ, ಕಾನೂನು ತಮ್ಮದೇ, ಶಾಲೆ ತಮ್ಮದೇ. ಮನೆಯಲ್ಲಿ ಮಾತು ತಪ್ಪಿದ ಮೇಲೆ ಇವಾವುವೂ ಅದನ್ನು ಪೂರ್ತಿ ಕೂಡಿಸಿಕೊಡಲಿಲ್ಲ.

ಇದನ್ನು ಓದುವಾಗ ನಮ್ಮ ಕಣ್ಣು ಹೊಸೂರಿನ ಕಡೆಗೆ ಹೋಗುತ್ತದೆ. ಹಳೆಯ ಸೇಲಂ ಜಿಲ್ಲೆಯಿಂದ ೧೯೬೫ರಲ್ಲಿ ಧರ್ಮಪುರಿಯೂ ಅದರಿಂದ ೨೦೦೪ರಲ್ಲಿ ಕೃಷ್ಣಗಿರಿಯೂ ಬೇರೆಯಾದವು. ಹೊಸೂರು, ದೆಂಕಣಿಕೋಟೆಗಳ ಕನ್ನಡ ಶಾಲೆಗಳು ಈಗ ಕೃಷ್ಣಗಿರಿಗೆ ಸೇರಿವೆ. ಸಂವಿಧಾನದ ೩೫೦ಎ ವಿಧಿ ೧೯೫೬ರಿಂದಲೂ ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕೆಂದು ಹೇಳುತ್ತದೆ. ತಮಿಳುನಾಡು ೨೦೦೬ರಲ್ಲಿ ತಮಿಳು ಕಲಿಕೆಯನ್ನು ಕಡ್ಡಾಯ ಮಾಡಿದ ಮೇಲೆ ನಮ್ಮವರು ಸಭೆಗಳಲ್ಲಿ ಆ ಕಾನೂನನ್ನೇ ಕುರಿತು ಮಾತನಾಡಿದರು, ಮಾತನಾಡಬೇಕಾದುದೂ ಸರಿಯೆ. ಆದರೆ ಐರಿಷರ ಕಥೆ ನಮ್ಮನ್ನು ಬೇರೊಂದು ಕಡೆ ಎಚ್ಚರಿಸುತ್ತದೆ. ತಮಿಳಿನ ನಡುವೆ ಸಾವಿರ ವರ್ಷ ಬಾಳಿದ ಕನ್ನಡ ಈ ಸೀಮೆಯಲ್ಲಿ ಸಾಯಲಿಲ್ಲ. ಹೊಸೂರಿನ ಕಾರ್ಖಾನೆಗಳಲ್ಲಿ, ಬೆಂಗಳೂರಿನ ಕಚೇರಿಗಳಲ್ಲಿ ಮಗನಿಗೆ ಕೆಲಸ ಸಿಕ್ಕಲೆಂದು ತಂದೆ ಅವನನ್ನು ಇಂಗ್ಲಿಷ್ ಶಾಲೆಯ ಬಸ್ಸು ಹತ್ತಿಸುವಾಗ ಗೇಲಿಕ್ ರೈತನ ಲೆಕ್ಕವನ್ನೇ ಹಾಕುತ್ತಿದ್ದಾನೆ. ಆ ಲೆಕ್ಕವನ್ನು ತಪ್ಪೆಂದು ಬೈಯುವುದು ಸುಲಭ. ಹೊಟ್ಟೆಯ ಲೆಕ್ಕ ಅದು. ಕನ್ನಡದ ಶಾಲೆಯಲ್ಲಿಯೇ ಇಂಗ್ಲಿಷನ್ನೂ ತಮಿಳನ್ನೂ ಚೆನ್ನಾಗಿ ಕಲಿಸಿ ತೋರಿಸದೆ ಅವನನ್ನು ಒಪ್ಪಿಸಲಾಗದು.

ಕೊನೆಗೆ ಉಳಿದಿರುವ ಒಂದು ಕೆಲಸದ ಮಾತು. ಭಾರತದ ಭಾಷೆಗಳ ಮಹಾಸಮೀಕ್ಷೆಯನ್ನು ೧೯೨೮ರಲ್ಲಿ ಮುಗಿಸಿದ ಜಾರ್ಜ್ ಗ್ರಿಯರ್ಸನ್ ಡಬ್ಲಿನ್ ಸೀಮೆಯವನು, ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಓದಿದವನು. ಅವನ ಸಮೀಕ್ಷೆಗೆ ಮದರಾಸು ಪ್ರಾಂತವೂ ಮೈಸೂರು, ಹೈದರಾಬಾದು ಸಂಸ್ಥಾನಗಳೂ ಒಳಪಡಲಿಲ್ಲ. ಮುಂಬಯಿ ಪ್ರಾಂತದ ಕನ್ನಡ ಅದರಲ್ಲಿ ದಾಖಲಾಯಿತು. ಸೇಲಂ ಜಿಲ್ಲೆಯ ಕನ್ನಡ ಆಗಲಿಲ್ಲ. ತಳಿ, ಅಂಚೆಟ್ಟಿ, ದೆಂಕಣಿಕೋಟೆಗಳ ಒಕ್ಕಲಿಗರ ಮಾತನ್ನು, ಸೇಲಂ ನಗರದಲ್ಲಿ ಮಗ್ಗ ನೇಯುವ ದೇವಾಂಗರ ಮನೆಯ ಕನ್ನಡವನ್ನು ಬರೆದಿಡುವ ಕೆಲಸ ನಮ್ಮ ಪಾಲಿಗೆ ಬಿದ್ದಿದೆ. ಮಗ್ಗದ ಒಂದೊಂದು ಭಾಗಕ್ಕೂ, ರಾಗಿಯ ಬೆಳೆಯ ಒಂದೊಂದು ಹಂತಕ್ಕೂ ಇರುವ ಶಬ್ದಗಳಿಂದ ಮೊದಲು ಮಾಡಬಹುದು. ಅವುಗಳಲ್ಲಿ ಕೆಲವಕ್ಕೆ ತಮಿಳಿನ ರೂಪ ಬೆರೆತಿರುವುದು. ಅದನ್ನು ತಿದ್ದದೆ, ಹೇಳಿದಂತೆಯೇ, ಹೇಳಿದವರ ಊರಿನೊಡನೆ ಬರೆದುಕೊಳ್ಳಬೇಕು. ೞಕಾರ ಕೇಳಿಬಂದರೆ ಅದನ್ನೂ.